ಹಿತ್ತಲಿಗೆ ಬಂದ ಅತಿಥಿಗಳು

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಹಿರಿಯರ ಭಾವಚಿತ್ರಗಳ ಸಾಲಿನ ಕೊನೆಯಲ್ಲಿ ಒಂದು ಚಿತ್ರವಿದೆ. ಮೈತುಂಬ ಬಿಳಿಯ ಹೂಗಳನ್ನು ಹೊತ್ತು ನಿಂತ ಒಂದು ನಂದಿಬಟ್ಟಲ ಗಿಡದ ಚಿತ್ರವದು. ಮನೆಗೆ ಬಂದ ಬಂಧುಗಳು ಅದರ ಮುಂದೆ ನಿಂತು, "ಇದೇನು, ಬರೀ ಗಿಡದ ಫೋಟೋಕ್ಕೆ ಕಟ್ಟು ಹಾಕಿಸಿದ್ದೀರಲ್ಲ!" ಎಂದು ಕೇಳುವುದುಂಟು. ಆ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಡುವುದು ಸಾಧ್ಯವಿಲ್ಲ. ಅದರ ಹಿಂದೆ ಕೆಲವು ವರ್ಷಗಳ ಕಥೆಯಿದೆ. ಆ ಕಥೆಯಲ್ಲಿ ನಮ್ಮ ಹೆಮ್ಮೆಗಿಂತ ನಮ್ಮ ತಪ್ಪೇ ದೊಡ್ಡದು. ಆದರೂ ಮಕ್ಕಳಿರುವ, ಹಿತ್ತಲಿರುವ ಮನೆಗಳವರಿಗೆ ಇದರಿಂದ ಏನಾದರೂ ಪ್ರಯೋಜನವಾದೀತೆಂಬ ನಂಬಿಕೆಯಿಂದ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮೂರು ಮದಕರಿಪುರ. ಚಿತ್ರದುರ್ಗದ ನಾಯಕರ ನೆನಪನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿರುವ ಊರು. 'ಮದಕರಿ' ಎಂದರೆ ಮದವೇರಿದ ಆನೆ ಎಂದಲ್ಲವೆ? ಈ ಸೀಮೆಯ ಹೆಸರುಗಳನ್ನು ಕೆದಕಿದರೆ ಹೀಗೆ ಪ್ರಾಣಿಗಳು ಎದ್ದುಬರುವುದುಂಟು. ದುರ್ಗದ ಪಕ್ಕದ ಚಂದ್ರವಳ್ಳಿಯನ್ನು ಸುತ್ತುವರಿದ ಬೆಟ್ಟಗಳಲ್ಲಿ ಒಂದಕ್ಕೆ ಕಿರುಬನಕಲ್ಲು ಎಂದು ಹೆಸರು. ಕಿರುಬವನ್ನು ಕಣ್ಣಾರೆ ಕಂಡವರು ಇಂದು ಎಷ್ಟು ಮಂದಿ ಉಳಿದಿದ್ದಾರೆಯೋ ತಿಳಿಯದು. ಕಲ್ಲು ಮಾತ್ರ ಅದರ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಮೂವತ್ತು ವರ್ಷಗಳಿಗೂ ಮೀರಿ ಶಾಲಾ ಉಪಾಧ್ಯಾಯರಾಗಿ ಕಾಯಕ ಮಾಡಿ 2018ರಲ್ಲಿ ನಿವೃತ್ತರಾದ ನಮಗೆ, ಹಗಲುಗಳು ಬಹಳ ಉದ್ದವೆನಿಸತೊಡಗಿದ್ದವು. ಬೆಂಗಳೂರಿನಲ್ಲಿರುವ ಮಗ ಅದನ್ನು ಅರಿತು, ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಮಸೂರವುಳ್ಳ ಒಂದು ಕ್ಯಾಮೆರಾವನ್ನು ತಂದುಕೊಟ್ಟನು. "ಅಪ್ಪಾಜಿ, ಹಿತ್ತಲಲ್ಲಿ ಕುಳಿತು ಹಕ್ಕಿಗಳ ಫೋಟೋ ತೆಗೆಯಿರಿ" ಎಂದನು. ನಮಗೆ ನಗು ಬಂತು. ನಮ್ಮ ಹಿತ್ತಲೆಂದರೆ ಒಂದು ಬೇವಿನ ಮರ, ಎರಡು ತೆಂಗು, ನುಗ್ಗೆ, ಸೀಬೆ, ಪತ್ರೆಗಾಗಿ ಬೆಳೆಸಿದ ಒಂದು ಬಿಲ್ವ, ಬೇಲಿಯ ಬದಿಗೆ ದಾಸವಾಳ, ಬಾವಿಯ ಪಕ್ಕದಲ್ಲಿ ನಂದಿಬಟ್ಟಲು, ಇಷ್ಟೇ. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ನೋಡತಕ್ಕ ಹಕ್ಕಿಗಳಾದರೂ ಯಾವುವಿದ್ದಾವು ಎಂದುಕೊಂಡೆವು.

ಆ ಎಣಿಕೆ ತಪ್ಪಾಗಿತ್ತು. ನಮ್ಮ ಅವ್ವನವರು ಪ್ರತಿ ಬೇಸಿಗೆಯಲ್ಲಿಯೂ ಬೇವಿನ ಮರದ ಬುಡದಲ್ಲಿ ಒಂದು ಮಣ್ಣಿನ ತಟ್ಟೆಯಿಟ್ಟು, ಬೆಳಿಗ್ಗೆ ಲಿಂಗಪೂಜೆಗೆ ಮೊದಲು ಅದನ್ನು ತೊಳೆದು ಹೊಸ ನೀರು ತುಂಬುವುದು ನಾವು ಬಾಲ್ಯದಿಂದ ಕಂಡ ಪದ್ಧತಿ. ಆ ತಟ್ಟೆಗೆ ಯಾರು ಯಾರು ಬರುತ್ತಾರೆಂಬುದನ್ನು ಮಾತ್ರ ನಾವು ಅರವತ್ತು ವರ್ಷ ನೋಡಿಯೇ ಇರಲಿಲ್ಲ! ಕ್ಯಾಮೆರಾ ಹಿಡಿದು ಒಂದು ವಾರ ಕುಳಿತ ಮೇಲೆ ತಿಳಿಯಿತು. ಮುಂಜಾನೆ ಗುಂಪುಗುಂಪಾಗಿ ಜಗಳವಾಡುತ್ತ ಬರುವ ಹರಟೆಮಲ್ಲಗಳು, ಹಿಂದೆಯೇ ಗೊರವಂಕಗಳು, ಬಿಸಿಲೇರಿದಾಗ ಅಳಿಲು, ನಡುಮಧ್ಯಾಹ್ನದ ನೀರವದಲ್ಲಿ ಅತ್ತಿತ್ತ ನೋಡುತ್ತ ಬಂದು ನಾಲಗೆಯಿಂದ ನೀರು ನೆಕ್ಕಿ ಹೋಗುವ ಮುಂಗುಸಿ, ಸಂಜೆ ಬೇಲಿಯಾಚೆಯ ಹೊಲದಿಂದ ಇಣುಕುವ ನವಿಲು. ದಾಸವಾಳದ ಹೂವಿಗೆ ಕೊಕ್ಕಿಟ್ಟು ಮಧುವನ್ನು ಹೀರುವ ಸೂರಕ್ಕಿಯಂತೂ ನಮ್ಮ ಹೆಬ್ಬೆರಳಿಗಿಂತ ತುಸುವೇ ದೊಡ್ಡದು.

ನಮ್ಮ ನಾಡಿನ ರಾಜ್ಯಪಕ್ಷಿಯಾದ ನೀಲಕಂಠವು ಎದುರಿನ ವಿದ್ಯುತ್ ತಂತಿಯ ಮೇಲೆ ಕುಳಿತುಕೊಳ್ಳುತ್ತಿತ್ತು. ಶಿವನ ನಾಮವನ್ನು ಹೊತ್ತ ಹಕ್ಕಿ ಎಂಬ ಅಭಿಮಾನದಿಂದ ಅದರ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದಾಗ ಆಶ್ಚರ್ಯವಾಯಿತು. ಅದರ ಕಂಠವು ನೀಲಿಯಲ್ಲ. ಗೆರೆಗಳುಳ್ಳ ಕಂದು ಬಣ್ಣದ್ದು. ಕುಳಿತಾಗ ಮಂಕಾಗಿ ತೋರುವ ಆ ಹಕ್ಕಿಯ ನಿಜವಾದ ನೀಲಿ ಇರುವುದು ರೆಕ್ಕೆಗಳಲ್ಲಿ. ಅದು ಹಾರಿದಾಗ ಮಾತ್ರ ಆ ಐಶ್ವರ್ಯ ಕಾಣುತ್ತದೆ. ಹೆಸರನ್ನು ಕೇಳಿ ತಿಳಿದದ್ದಕ್ಕೂ ಕಣ್ಣಿಟ್ಟು ನೋಡಿ ತಿಳಿದದ್ದಕ್ಕೂ ಇಷ್ಟು ಅಂತರವಿದೆಯೆಂಬುದು ಅಂದು ನಮಗೆ ಮನವರಿಕೆಯಾಯಿತು.

ಹವ್ಯಾಸವು ಬೆಳೆದಂತೆ ಈ ವಿದ್ಯೆಯ ಹಿರಿಯರ ಬಗ್ಗೆ ಓದತೊಡಗಿದೆವು. ನಮ್ಮ ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಗಳಾಗಿದ್ದವರು. ಅವರು ವನ್ಯಜೀವಿಗಳ ಛಾಯಾಗ್ರಾಹಕರಾಗಿಯೂ ಹೆಸರುವಾಸಿಯಾಗಿದ್ದರು. ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938-2007) ಕಥೆ ಕಾದಂಬರಿಗಳಷ್ಟೇ ಪ್ರೀತಿಯಿಂದ ಹಕ್ಕಿಗಳ ಚಿತ್ರ ತೆಗೆದು, ಅವುಗಳ ಕುರಿತು ಕನ್ನಡದಲ್ಲಿ ಬರೆದರು. ಮೈಸೂರಿನ ಕೃಪಾಕರ ಮತ್ತು ಸೇನಾನಿಯವರು ಜನರು ಹೀನಾಯವಾಗಿ ಕಾಣುತ್ತಿದ್ದ ಸೀಳುನಾಯಿಗಳ ಬೆನ್ನು ಹತ್ತಿ ಅನೇಕ ವರ್ಷಗಳನ್ನು ಕಾಡಿನಲ್ಲಿ ಕಳೆದರು. ಅವರ ಚಿತ್ರಕ್ಕೆ 2010ರಲ್ಲಿ 'ಗ್ರೀನ್ ಆಸ್ಕರ್' ಎಂದು ಕರೆಯುವ ಪ್ರಶಸ್ತಿ ಬಂದಿತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕಾಡಿನ ಹಾದಿಗಳ ಬದಿಗೆ ತಾವೇ ಚಿತ್ರ ತೆಗೆದುಕೊಳ್ಳುವ ಕ್ಯಾಮೆರಾಗಳನ್ನಿಟ್ಟು ಹುಲಿಗಳನ್ನು ಎಣಿಸಿದರು. ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿರುವುದಿಲ್ಲ; ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಅವು ಬೇರೆ ಬೇರೆ. ಆದ್ದರಿಂದ ಪ್ರಾಣಿಯನ್ನು ಮುಟ್ಟದೆಯೇ ಅದರ ಲೆಕ್ಕ ಸಿಗುತ್ತದೆ.

ಅವರಲ್ಲಿ ಹಿಂದಿನವರು ಚಿತ್ರ ತೆಗೆದದ್ದು ಫಿಲ್ಮ್ ಸುರುಳಿಯ ಕಾಲದಲ್ಲಿ. ಒಂದು ಸುರುಳಿಯಲ್ಲಿ 36 ಚಿತ್ರಗಳು, ಅದನ್ನು ತೊಳೆಸಿ ಮುದ್ರಿಸುವ ತನಕ ಏನು ಬಂದಿದೆಯೆಂದು ತಿಳಿಯದು, ಪ್ರತಿಯೊಂದಕ್ಕೂ ಹಣ. ಆದುದರಿಂದ ಅವರು ಗಂಟೆಗಟ್ಟಲೆ ಕಾದು ಒಂದು ಚಿತ್ರ ತೆಗೆಯುತ್ತಿದ್ದರು. ನಮ್ಮ ಕೈಗೆ ಬಂದ ಯಂತ್ರವೋ ಒಂದು ನಿಮಿಷದಲ್ಲಿ ನೂರು ಚಿತ್ರಗಳನ್ನು ಕೊಡುತ್ತಿತ್ತು. ಕಾಯುವ ಅಗತ್ಯವೇ ಇಲ್ಲವಾದಾಗ ಕಾಯುವ ಗುಣವೂ ಮೆಲ್ಲನೆ ನಮ್ಮನ್ನು ಬಿಟ್ಟುಹೋಯಿತು. ನಮ್ಮ ತಪ್ಪಿನ ಬೇರು ಇಲ್ಲಿಯೇ ಇತ್ತೆಂದು ಈಗ ಅನ್ನಿಸುತ್ತದೆ.

ಅದು 2021ರ ಬೇಸಿಗೆ. ಒಂದು ಬೆಳಿಗ್ಗೆ ಪೂಜೆಗೆ ಹೂ ತರಲು ಬುಟ್ಟಿ ಹಿಡಿದು ಹೋದ ಅವ್ವನವರು ಬರಿಗೈಯಲ್ಲಿ ಬಂದರು. ನಂದಿಬಟ್ಟಲು ಮೈತುಂಬ ಅರಳಿತ್ತು. ಏಕೆಂದು ಕೇಳಿದೆವು.

"ಆ ಗಿಡದ ಹೂವ ಇನ್ನು ಸ್ವಲ್ಪ ದಿನ ಬ್ಯಾಡಪ್ಪ. ಒಳಗೆ ಬಾಣಂತಿ ಅದಾಳೆ" ಎಂದರು.

ಹೋಗಿ ನೋಡಿದರೆ, ಎದೆಯೆತ್ತರದಲ್ಲಿ, ಎಲೆಗಳ ಮರೆಯಲ್ಲಿ ಒಂದು ಪಿಕಳಾರ ಕಾವಿಗೆ ಕುಳಿತಿತ್ತು. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಮಕ್ಕಳು ಬುಲ್‌ಬುಲ್ ಎಂದು ಕರೆಯುವ ಹಕ್ಕಿ. ಅದು ಹಾರಿದಾಗ ಕಂಡದ್ದು ಒಣಹುಲ್ಲು, ನಾರುಗಳಿಂದ ಹೆಣೆದ ಚಿಕ್ಕ ಬಟ್ಟಲು. ಅದರಲ್ಲಿ ಕೆಂಪು ಚುಕ್ಕೆಗಳುಳ್ಳ ಮೂರು ಮೊಟ್ಟೆಗಳು. ಅವ್ವನವರು ಅಂದಿನಿಂದ ಪೂಜೆಗೆ ಬೇಲಿಯ ದಾಸವಾಳವನ್ನೂ ಪತ್ರೆಯನ್ನೂ ತರತೊಡಗಿದರು. ನಂದಿಬಟ್ಟಲೆಂದರೆ ಅವರಿಗೆ ಪ್ರಾಣ. ಎಂಬತ್ತು ದಾಟಿದ ಜೀವ ದಿನವೂ ಆ ಗಿಡವನ್ನು ದೂರದಿಂದಲೇ ನೋಡಿ ಹಿಂದಿರುಗುತ್ತಿತ್ತು. "ಹೂವೆಲ್ಲ ಉದುರಿ ವ್ಯರ್ಥವಾಗುತ್ತಿದೆಯಲ್ಲವ್ವ" ಎಂದರೆ, "ಗಿಡದಾಗಿದ್ರೂ ಶಿವನಿಗೇ ಅಲ್ಲೇನಪ್ಪ" ಎಂದರು.

ನಮಗಾದರೋ ಹೂವಿನ ಚಿಂತೆಯಿರಲಿಲ್ಲ, ಚಿತ್ರದ ಚಿಂತೆಯಿತ್ತು. ಎರಡು ವಾರಗಳು ಕಳೆಯುವಷ್ಟರಲ್ಲಿ ಮರಿಗಳಾದವು. ತಾಯಿ ತಂದೆ ಎರಡೂ ಹುಳುಗಳನ್ನು ಕಚ್ಚಿ ತಂದಾಗ ಮೂರು ಬಾಯಿಗಳು ಒಮ್ಮೆಗೇ ತೆರೆಯುತ್ತಿದ್ದವು. ಎಂತಹ ದೃಶ್ಯ! ಆದರೆ ಒಂದು ಕೊಂಬೆ ಅಡ್ಡವಾಗಿತ್ತು. ಅದರ ಎಲೆಗಳ ನೆರಳು ಗೂಡಿನ ಮೇಲೆ ಬೀಳುತ್ತಿತ್ತು. ಕತ್ತರಿಸುವುದು ಬೇಡವೆಂದು, ಅಷ್ಟರಮಟ್ಟಿಗೆ ನಾವು ದಯಾವಂತರೆಂದೇ ಭಾವಿಸಿಕೊಂಡು, ಒಂದು ಹುರಿಯಿಂದ ಆ ಕೊಂಬೆಯನ್ನು ಪಕ್ಕಕ್ಕೆ ಎಳೆದು ಕಟ್ಟಿದೆವು. ಬಿಸಿಲು ನೇರವಾಗಿ ಗೂಡಿನೊಳಗೆ ಬಿದ್ದಿತು. ಚಿತ್ರ ಬಹಳ ಚೆನ್ನಾಗಿ ಬಂದಿತು. ಮರಿಗಳ ತೆರೆದ ಬಾಯಿ, ತಾಯಿಯ ಕೊಕ್ಕಿನಲ್ಲಿ ಹಸಿರು ಹುಳು. ಅಂದು ಸಂಜೆಯೇ ಬಂಧುಗಳ ಮೊಬೈಲುಗಳಿಗೆಲ್ಲ ಕಳುಹಿಸಿದೆವು. ಪ್ರಶಂಸೆಗಳು ಬಂದವು. ಇನ್ನೂ ಉತ್ತಮವಾದುದನ್ನು ನಾಳೆ ತೆಗೆಯೋಣವೆಂದು ಹುರಿಯನ್ನು ಹಾಗೆಯೇ ಬಿಟ್ಟೆವು.

ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು. ಒಂದು ಬದಿ ಹರಿದು ಜೋತುಬಿದ್ದಿತ್ತು. ಒಯ್ದದ್ದು ಕಾಗೆಯೋ ಕೆಂಬೂತವೋ ನಾವು ಕಾಣಲಿಲ್ಲ. ತಾಯಿಹಕ್ಕಿಗಳು ಎರಡೂ ಕೊಂಬೆಯಿಂದ ಕೊಂಬೆಗೆ ಹಾರುತ್ತ ಕೂಗುತ್ತಿದ್ದವು. ಒಂದರ ಕೊಕ್ಕಿನಲ್ಲಿ ಇನ್ನೂ ಹುಳುವಿತ್ತು.

ಅವ್ವನವರು ಬಂದು ನೋಡಿದರು. ನಡುಗುವ ಬೆರಳುಗಳಿಂದ ಹುರಿಯ ಗಂಟನ್ನು ಬಿಚ್ಚಿದರು. ಕೊಂಬೆ ತನ್ನ ಸ್ಥಳಕ್ಕೆ ಮರಳಿ ಬರಿದಾದ ಗೂಡನ್ನು ಮುಚ್ಚಿತು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಹೇಳಿದರು: "ಬಾಣಂತಿ ಕೋಣೆ ಬಾಗಿಲು ತೆಗೆದಿಟ್ಟು ಬಂದ್ಯಲ್ಲಪ್ಪ."

ಪಿಕಳಾರದ ಗೂಡುಗಳಲ್ಲಿ ಎಷ್ಟೋ ಗೂಡುಗಳು ಮನುಷ್ಯರ ಕೈವಾಡವಿಲ್ಲದೆಯೂ ಹಾಳಾಗುತ್ತವೆಂದು ಆಮೇಲೆ ಓದಿದೆವು. ಸಮಾಧಾನಕ್ಕೆ ಅದನ್ನು ಹೇಳಿಕೊಳ್ಳಬಹುದಿತ್ತು. ಆದರೆ ಈ ಗೂಡಿನ ಬಾಗಿಲನ್ನು ತೆರೆದಿಟ್ಟವರು ನಾವೇ ಎಂಬುದನ್ನು ಯಾವ ಓದೂ ಅಳಿಸಲಿಲ್ಲ. ಅಷ್ಟಲ್ಲದೆ ಇನ್ನೊಂದು ಸಂಗತಿಯೂ ತಿಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಪದಕ್ಕೆ ಅರ್ಥ ಹೇಳುವಾಗ, ಕೊಲ್ಲುವುದು ಹಿಡಿಯುವುದಷ್ಟನ್ನೇ ಹೇಳಿ ನಿಲ್ಲಿಸುವುದಿಲ್ಲ. ಕಾಡುಹಕ್ಕಿಗಳ ಮೊಟ್ಟೆಗಳನ್ನಾಗಲಿ ಗೂಡುಗಳನ್ನಾಗಲಿ ಕದಡುವುದನ್ನೂ ಬೇಟೆಯಲ್ಲಿಯೇ ಸೇರಿಸಿದೆ. ಹಿಂದಿನವರು ಬಂದೂಕು ಹಿಡಿದರು, ನಾವು ಕ್ಯಾಮೆರಾ ಹಿಡಿದಿದ್ದೇವೆ, ನಾವು ಅಹಿಂಸಕರು ಎಂದು ಬೀಗುತ್ತಿದ್ದ ನಮಗೆ ಆ ಸಾಲು ತಲೆ ತಗ್ಗಿಸುವಂತೆ ಮಾಡಿತು. ಮಾಂಸ ತಿನ್ನದ ಮನೆಯಲ್ಲಿ ಹುಟ್ಟಿ ಬೆಳೆದ ನಾವು ಬೇಟೆಗಾರರಾಗಿದ್ದೆವು. ಅದಕ್ಕೆ ಬೇಕಾದದ್ದು ಒಂದು ಮೊಳ ಹುರಿ ಮಾತ್ರ.

ಸುಮಾರು ಒಂದು ವರ್ಷ ಕ್ಯಾಮೆರಾ ಕಪಾಟಿನಲ್ಲಿಯೇ ಇತ್ತು. ಅದನ್ನು ಮತ್ತೆ ಹೊರಗೆ ತೆಗೆಸಿದವರೂ ಅವ್ವನವರೇ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ ತುಂಬಿ ಕೋಡಿ ಬಿದ್ದಿತೆಂಬ ಸುದ್ದಿ ಬಂದಾಗ, ಅದನ್ನು ನೋಡಲೇಬೇಕೆಂದು ಹಠ ಹಿಡಿದರು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಪೂರ್ಣಗೊಳಿಸಿದ ಈ ವಾಣಿವಿಲಾಸ ಸಾಗರ ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಅವ್ವನವರ ತಂದೆ ಅದನ್ನು ಕಂಡವರಂತೆ. 89 ವರ್ಷಗಳ ಬಳಿಕ ಮಗಳು ಕಾಣಬಯಸಿದರೆ ಇಲ್ಲವೆನ್ನಲಾದೀತೆ? "ಫೋಟೋದ ಡಬ್ಬಿನೂ ತಗೋ" ಎಂದರು.

ಎರಡು ಗುಡ್ಡಗಳ ನಡುವೆ ಕಣ್ಣು ಹರಿದಷ್ಟು ದೂರ ನೀರು. ಕೋಡಿಯಲ್ಲಿ ಬಿಳಿಯ ನೊರೆ. ಜನಜಂಗುಳಿಯೋ ಜಾತ್ರೆಯಂತೆ. ಆದರೆ ಹೆಚ್ಚಿನವರು ನೀರಿಗೆ ಬೆನ್ನು ಮಾಡಿ ನಿಂತಿದ್ದರು! ಕೈಯನ್ನು ಮುಂದಕ್ಕೆ ಚಾಚಿ ತಮ್ಮ ಮುಖವನ್ನು ತಾವೇ ಸೆರೆಹಿಡಿಯುತ್ತಿದ್ದರು. ಕೆಲವು ಯುವಕರು ಜಾರುವ ಕಲ್ಲುಗಳ ಮೇಲೂ ಇಳಿದಿದ್ದರು. ಅವರನ್ನು ಹಳಿಯುವ ಅರ್ಹತೆ ನಮಗಿರಲಿಲ್ಲ. ನಾವೂ ಅದೇ ಬಳಗದವರು. ಅವ್ವನವರು ಮಾತ್ರ ಒಂದು ಕಲ್ಲಿನ ಮೇಲೆ ಕುಳಿತು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಅರ್ಧ ಗಂಟೆ ನೀರನ್ನು ನೋಡಿದರು. ನಾವು ಅಂದು ತೆಗೆದದ್ದು ಒಂದೇ ಚಿತ್ರ. ಅವರ ಬೆನ್ನು, ಅದರಾಚೆ ನೀರು. 2025ರ ಜನವರಿಯಲ್ಲಿ ಆ ಜಲಾಶಯ ಮತ್ತೆ ಕೋಡಿ ಬಿದ್ದಾಗ ಅವರು, "ಒಮ್ಮೆ ಕಣ್ತುಂಬ ನೋಡೇನಪ್ಪ, ಸಾಕು" ಎಂದು ಮನೆಯಲ್ಲಿಯೇ ಉಳಿದರು.

ಅಂದಿನಿಂದ ನಮ್ಮ ರೀತಿ ಬದಲಾಯಿತು. ಚಂದ್ರವಳ್ಳಿಯ ಕೆರೆಯ ದಂಡೆಗೆ ಹೋದರೆ ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದಿಲ್ಲ. ಕದಂಬರ ಮಯೂರಶರ್ಮನ ಶಾಸನವಿರುವ ಸ್ಥಳವದು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆದು ಪ್ರಾಚೀನ ವಸತಿಯ ಕುರುಹುಗಳನ್ನು ಕಂಡ ನೆಲ. ಆ ಬಂಡೆಗಳ ನಡುವೆ ಸುಮ್ಮನೆ ಕುಳಿತರೆ ಹಕ್ಕಿಗಳು ನಮ್ಮನ್ನೂ ಒಂದು ಬಂಡೆಯೆಂದೇ ಎಣಿಸಿ ತಮ್ಮ ಕೆಲಸಕ್ಕೆ ಮರಳುತ್ತವೆ. ರೆಕ್ಕೆ ಬಿಚ್ಚಿ ಬಿಸಿಲಿಗೊಡ್ಡುವ ನೀರುಕಾಗೆ, ನೀರಿಗೆ ಬೀಳುವ ಮಿಂಚುಳ್ಳಿ, ಎಲ್ಲವೂ ತಾವಾಗಿಯೇ ಹತ್ತಿರ ಬರುತ್ತವೆ. ಮುಂಜಾನೆ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಅಭ್ಯಾಸವಿರುವ ಮನೆಗಳವರಿಗೆ ಇದು ಹೊಸ ವಿದ್ಯೆಯೇನಲ್ಲ. ದೃಷ್ಟಿ ನಿಲ್ಲಬೇಕಾದರೆ ಮೊದಲು ಬಯಕೆ ನಿಲ್ಲಬೇಕು.

ಜೋಗಿಮಟ್ಟಿಗೂ ಹೋಗಿಬಂದಿದ್ದೇವೆ. ಕರಡಿ, ಚಿರತೆ, ನವಿಲುಗಳಿರುವ ಆ ಬೆಟ್ಟಗಾಡು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಂಥ ಕಡೆ ಚಿತ್ರ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೇಲಿನಿಂದ ಗಾಳಿಯಂತ್ರಗಳ ಸಾಲು, ಮೋಡದ ನೆರಳು ಹರಿದಾಡುವ ಬಯಲು ಕಾಣುತ್ತವೆ. ನಾವು ಕರಡಿಯನ್ನು ಕಾಣಲಿಲ್ಲ. ಹಾದಿಯ ಮಣ್ಣಿನಲ್ಲಿ ಅದರ ಹೆಜ್ಜೆಯನ್ನು ಕಂಡೆವು. ಅದು ಅಲ್ಲಿದೆಯೆಂದು ತಿಳಿದುದೇ ಸಾಕೆನಿಸಿತು.

ಮನೆಮನೆಯಲ್ಲಿ ಮೊಬೈಲು ಇರುವ ಈ ದಿನಗಳಲ್ಲಿ ಪ್ರತಿ ಮಗುವೂ ಒಬ್ಬ ಛಾಯಾಗ್ರಾಹಕನೇ. ಆದ್ದರಿಂದ ಹಿರಿಯರಾದವರು ಕೆಲವು ಮಾತುಗಳನ್ನು ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದು. ಗೂಡು ಕಂಡರೆ ದೂರ ಸರಿಯಬೇಕು. ಎಲೆ ಕೊಂಬೆಗಳನ್ನು ಸರಿಸಕೂಡದು. ನಾವು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗವನ್ನು ಕಾಗೆಯೂ ಗಮನಿಸುತ್ತಿರುತ್ತದೆ. ಹಕ್ಕಿಗಳ ಧ್ವನಿಯನ್ನು ಮೊಬೈಲಿನಲ್ಲಿ ನುಡಿಸಿ ಅವನ್ನು ಕರೆಯಕೂಡದು. ತನ್ನ ಎಲ್ಲೆಯೊಳಗೆ ಶತ್ರು ಬಂದನೆಂದು ಆ ಜೀವ ಕಂಗಾಲಾಗುತ್ತದೆ. ರಾತ್ರಿ ಜೀವಿಗಳ ಕಣ್ಣಿಗೆ ಫ್ಲ್ಯಾಶ್ ಬೆಳಕು ಹೊಡೆಯಬಾರದು. ಕೋಟೆಗೆ ಹೋದಾಗ ಚಿತ್ರದ ಆಸೆಗೆ ಕೋತಿಗಳಿಗೆ ತಿಂಡಿ ಎಸೆಯಬಾರದು. ಗೂಡಾಗಲಿ ಗವಿಯಾಗಲಿ ಇರುವ ಸ್ಥಳವನ್ನು ಊರಿಗೆಲ್ಲ ಸಾರಬಾರದು. ಇಷ್ಟನ್ನು ಪಾಲಿಸಿದರೆ ಕೆಲವು ಚಿತ್ರಗಳು ತಪ್ಪಿಹೋಗುತ್ತವೆ, ನಿಜ. ತಪ್ಪಿಹೋದ ಚಿತ್ರದಿಂದ ಯಾವ ಗೂಡೂ ಬರಿದಾಗುವುದಿಲ್ಲ.

ಇನ್ನು ಗೋಡೆಯ ಮೇಲಿನ ಚಿತ್ರದ ಸಂಗತಿ. 2023ರ ಬೇಸಿಗೆಯಲ್ಲಿ ನಂದಿಬಟ್ಟಲಿಗೆ ಮತ್ತೆ ಪಿಕಳಾರಗಳು ಬಂದವು. ಅವೇ ಹಕ್ಕಿಗಳೋ ಬೇರೆಯವೋ ತಿಳಿಯದು. ಅವ್ವನವರು ಎಂದಿನಂತೆ ಹೂ ಬಿಡಿಸುವುದನ್ನು ನಿಲ್ಲಿಸಿದರು. ಈ ಸಲ ನಾವೂ ಬಾವಿಯ ಕಡೆಯ ಹಾದಿಯನ್ನು ಬಿಟ್ಟು ಸುತ್ತಿ ಹೋಗತೊಡಗಿದೆವು. ಬಟ್ಟೆ ಒಣಹಾಕುವ ತಂತಿಯನ್ನು ಬೇರೆ ಕಡೆಗೆ ಕಟ್ಟಿದೆವು. ರಜೆಗೆ ಬಂದಿದ್ದ ಮೊಮ್ಮಗಳು ಪಡಸಾಲೆಯ ಕಿಟಕಿಯ ಬಳಿ ಕುಳಿತು, ಹಕ್ಕಿ ಎಷ್ಟು ಸಲ ಹುಳು ತಂದಿತೆಂದು ತನ್ನ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದಳು. ಒಂದು ಬೆಳಿಗ್ಗೆ, ಬಿಡಿಸದ ಹೂಗಳಿಂದ ಗಿಡ ಬೆಳ್ಳಗೆ ತುಂಬಿ ನಿಂತಾಗ, ಅದೇ ಕಿಟಕಿಯಿಂದ ಒಂದು ಚಿತ್ರ ತೆಗೆದೆವು. ಕೆಲವು ದಿನಗಳಾದ ಮೇಲೆ ಒಂದು ಸಂಜೆ, ಬಾಲವಿನ್ನೂ ಬೆಳೆಯದ ಎರಡು ಮರಿಗಳು ಸೀಬೆಯ ಕೊಂಬೆಯ ಮೇಲೆ ಒಂದಕ್ಕೊಂದು ಆತು ಕುಳಿತಿದ್ದವು. ತಾಯಿ ತುತ್ತು ಕೊಡುತ್ತಿತ್ತು. ಕ್ಯಾಮೆರಾ ಒಳಗಿತ್ತು. ನಾವು ಮೂರು ತಲೆಮಾರಿನವರೂ ಉಸಿರು ಬಿಗಿಹಿಡಿದು ನೋಡಿದೆವು. ಎದ್ದು ಹೋಗಿ ಅದನ್ನು ತರಬೇಕೆಂದು ಯಾರಿಗೂ ತೋಚಲಿಲ್ಲ.

ಹಿಂದಿನ ಚಿತ್ರವನ್ನು, ಆ ಮೂರು ತೆರೆದ ಬಾಯಿಗಳ ಚಿತ್ರವನ್ನು, ನಾವು ಅಳಿಸಿಲ್ಲ. ಆಗಾಗ ತೆಗೆದು ನೋಡಿಕೊಳ್ಳುತ್ತೇವೆ. ಆದರೆ ಗೋಡೆಗೆ ಹಾಕಿಸಿದ್ದು ಈ ಗಿಡದ ಚಿತ್ರವನ್ನು. ಮೊನ್ನೆಯೂ ಬಂಧುಗಳೊಬ್ಬರು ಅದರ ಮುಂದೆ ನಿಂತು, "ಇದರಲ್ಲಿ ಹಕ್ಕಿಯೆಲ್ಲಿದೆ?" ಎಂದು ಹುಡುಕುತ್ತಿದ್ದರು.

ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಅವ್ವನವರು ತಲೆಯೆತ್ತದೆಯೇ ಹೇಳಿದರು: "ಒಳಗದಾಳೆ. ಸುಮ್ನಿರ್ರಿ."